ಮಡಿಕಟ್ಟೆಯ ನಾಲ್ಕನೇ ಕಲ್ಲು

ನಾನು ಒಂದು ಒಗೆಯುವ ಕಲ್ಲು. ಹುಟ್ಟಿದ್ದು ಯಾವಾಗ ಎಂದು ಕೇಳಬೇಡಿ, ನನಗೇ ಗೊತ್ತಿಲ್ಲ. ಬಂಡೆಯ ಹೊಟ್ಟೆಯೊಳಗೆ ಎಷ್ಟು ಕಾಲ ಕಣ್ಣು ಮುಚ್ಚಿ ಬಿದ್ದಿದ್ದೆನೋ ಏನೋ. ನನ್ನ ಪಾಲಿಗೆ ಹುಟ್ಟು ಎಂದರೆ ಕಲ್ಲುಕುಟಿಗ ತಿಮ್ಮಾಭೋವಿಯ ಚಾಣದ ಮೊದಲ ಏಟು ಬಿದ್ದ ದಿನ. ಅವನು ಬಂಡೆಗೆ ಸಾಲಾಗಿ ತೂತು ಕೊರೆದ, ಒಣಮರದ ಬೆಣೆಗಳನ್ನು ಜಡಿದ, ಅವುಗಳ ಮೇಲೆ ಒಂದೊಂದು ಚೊಂಬು ನೀರು ಸುರಿದು ಬೀಡಿ ಹಚ್ಚಿಕೊಂಡು ಕೂತ. ಕೂತ ಎಂದರೆ ಕೂತೇ ಇದ್ದ. ಬೆಣೆಗಳು ನೀರು ಕುಡಿದು ಊದಿಕೊಂಡವು. ಮಧ್ಯಾಹ್ನದ ಹೊತ್ತಿಗೆ ಬಂಡೆ ಠಣ್ಣೆಂದು ಸೀಳಿ, ಮೊಟ್ಟಮೊದಲ ಬಾರಿಗೆ ನನ್ನ ಮೈಮೇಲೆ ಬಿಸಿಲು ಬಿತ್ತು. ಸುತ್ತಿಗೆಗೆ ಜಗ್ಗದ ನಾನು ಒಂದು ಚೊಂಬು ನೀರಿಗೆ ಸೋತಿದ್ದೆ. ನೀರಿನ ಬಗ್ಗೆ ಆವತ್ತು ಹುಟ್ಟಿದ ಬೆರಗು ಇವತ್ತಿಗೂ ನನ್ನನ್ನು ಬಿಟ್ಟಿಲ್ಲ.

ತಿಮ್ಮಾಭೋವಿ ನನ್ನನ್ನು ಕಡಿದದ್ದು ಹೊಸ್ತಿಲಿಗೆಂದು. ಮಂಡಿ ಸಾಹುಕಾರರೊಬ್ಬರ ಮನೆಯ ಬಾಗಿಲಲ್ಲಿ ದಿನಾ ಅರಿಶಿನ ಕುಂಕುಮ ಹಚ್ಚಿಸಿಕೊಂಡು, ರಂಗೋಲಿ ಬರೆಸಿಕೊಂಡು ಹಾಯಾಗಿ ಮಲಗಿರಬೇಕಿತ್ತು ನಾನು. ಆದರೆ ನನ್ನ ಒಂದು ಮಗ್ಗುಲು ಇಳಿಜಾರಾಗಿ ಸೀಳಿಬಿಟ್ಟಿತ್ತು. ಸಾಹುಕಾರರು ನೋಡಿ ಮುಖ ಸಿಂಡರಿಸಿಕೊಂಡು ಹೋದರು. ಎರಡು ಮಳೆಗಾಲ ಕಲ್ಲುಗಣಿಯ ಬದಿಯಲ್ಲೇ ಬಿದ್ದಿದ್ದೆ. ಆಮೇಲೊಂದು ದಿನ ಮರಿಮಾಚಯ್ಯ ಬಂದ. ನಮ್ಮೂರಿನ ಮಡಿವಾಳ, ತೆಳ್ಳನೆ ಆಳು, ಮೊಣಕೈವರೆಗೆ ನೀರಲ್ಲಿ ನೆನೆದು ನೆನೆದು ಬಿಳಿಚಿದ ಕೈಗಳು. ಆ ಕೈಯಿಂದ ನನ್ನ ಇಳಿಜಾರನ್ನು ಒಮ್ಮೆ ಸವರಿ, ಬಟ್ಟೆಯ ನೀರು ಇಳಿದುಹೋಗಲು ಇಂಥದ್ದೇ ಬೇಕಿತ್ತು ಎಂದ. ನನ್ನನ್ನು ಎತ್ತಿನ ಗಾಡಿಗೆ ಏರಿಸಿದರು. ನನ್ನ ಊನವನ್ನು ಕಂಡು ಖುಷಿಪಟ್ಟ ಮೊದಲ ಮನುಷ್ಯ ಅವನು, ಹಾಗಾಗಿ ಅವನ ಮೇಲೆ ನನಗೆ ಸ್ವಲ್ಪ ಪಕ್ಷಪಾತ ಇದೆ ಎಂದು ಮೊದಲೇ ಹೇಳಿಬಿಡುತ್ತೇನೆ.

ನನ್ನನ್ನು ತಂದು ನಿಲ್ಲಿಸಿದ್ದು ಹಾಲಬೊಮ್ಮನ ಕೆರೆಯ ದಡದಲ್ಲಿ, ಅರ್ಧ ನೀರಿನೊಳಗೆ. ಅಲ್ಲಿ ಆಗಲೇ ಮೂರು ಕಲ್ಲುಗಳಿದ್ದವು, ನಾನು ನಾಲ್ಕನೆಯವನಾದೆ. ಮುಂದೆ ಹನ್ನೊಂದು ಮಡಿವಾಳ ಮನೆಗಳಿಗೆ ಹನ್ನೊಂದು ಕಲ್ಲುಗಳಾದವು. ಜನ ಆ ಜಾಗವನ್ನು ಮಡಿಕಟ್ಟೆ ಎಂದು ಕರೆಯುತ್ತಿದ್ದರು. ಮೊದಲ ದಿನ ಕಣ್ಣು ಬಿಟ್ಟು ಆ ಕೆರೆ ನೋಡಿದೆ. ನೀರು ಎಷ್ಟು ತಿಳಿಯಾಗಿತ್ತೆಂದರೆ ನನ್ನ ಕಾಲಬುಡದ ಮರಳಿನಲ್ಲಿ ಬಸವನಹುಳು ನಡೆದ ಗೆರೆ ನನಗೇ ಕಾಣುತ್ತಿತ್ತು. ನಾಲ್ಕು ದಿಕ್ಕಿನಿಂದ ನಾಲ್ಕು ಹಳ್ಳಗಳು ಬಂದು ಕೆರೆಗೆ ಸೇರುತ್ತಿದ್ದವು. ಆಚೆ ದಡದಲ್ಲಿ ಹೆಂಗಸರು ಕುಡಿಯಲು ಕೊಡ ತುಂಬಿಕೊಳ್ಳುತ್ತಿದ್ದರು, ಈಚೆ ದಡದಲ್ಲಿ ಊರಿನ ಕೊಳೆ ತೊಳೆಯಲಾಗುತ್ತಿತ್ತು. ಆದರೂ ಕೆರೆ ಯಾರನ್ನೂ ದೂರ ಮಾಡದೆ ಎಲ್ಲವನ್ನೂ ನುಂಗಿ ಮರುದಿನ ಮತ್ತೆ ತಿಳಿಯಾಗುತ್ತಿತ್ತು.

ಏಟು ತಿನ್ನುವುದೇ ನನ್ನ ಉದ್ಯೋಗ. ಮನುಷ್ಯರನ್ನು ನಾನು ನೋಡುವುದೆಲ್ಲ ಕೆಳಗಿನಿಂದ: ಬೆವರಿಳಿಯುವ ಗದ್ದ, ಎತ್ತಿ ಕಟ್ಟಿದ ಸೀರೆಯ ಅಂಚು, ನೀರಲ್ಲಿ ಸುಕ್ಕಾದ ಹಿಮ್ಮಡಿ. ಆಗ ಸೋಪು ಗೀಪು ಇರಲಿಲ್ಲ. ಕೆರೆಯಂಗಳದ ಚೌಳು ಮಣ್ಣು ಕೆರೆದು ತರುತ್ತಿದ್ದರು. ಆ ಉಪ್ಪುಮಣ್ಣನ್ನು ನೀರಿಗೆ ಕದಡಿ ಬಟ್ಟೆಗೆ ಹಿಡಿಸಿ, ದೊಡ್ಡ ಹಂಡೆಯ ಮೇಲೆ ಹಬೆಯಲ್ಲಿ ಬೇಯಿಸುತ್ತಿದ್ದರು. ಅದಕ್ಕೆ ಉಬ್ಬೆ ಹಾಕುವುದು ಎನ್ನುತ್ತಾರೆ. ಬೆಂದ ಬಟ್ಟೆ ಬಂದು ನನ್ನ ಬೆನ್ನಿಗೆ ಬಡಿಯುತ್ತಿತ್ತು. ಯಾವ ಬಟ್ಟೆ ಯಾರ ಮನೆಯದು ಎಂದು ತಿಳಿಯಲು ಗೇರಿನ ಗುರುತು. ಕರಿಗೇರು ಕಾಯಿಗೆ ಸೂಜಿ ಚುಚ್ಚಿ, ಅದರ ಹಾಲಿನಿಂದ ಬಟ್ಟೆಯ ಮೂಲೆಯಲ್ಲಿ ಚುಕ್ಕಿ ಗೆರೆ ಇಡುತ್ತಿದ್ದರು. ಒಂದು ಅಕ್ಷರವೂ ಬಾರದ ಮರಿಮಾಚಯ್ಯ ಮುನ್ನೂರು ಮನೆಯ ಗುರುತು ಓದುತ್ತಿದ್ದ. ಬಟ್ಟೆ ಹರಿದು ಚಿಂದಿಯಾದರೂ ಆ ಗುರುತು ಮಾಸುತ್ತಿರಲಿಲ್ಲ.

ಮರಿಮಾಚಯ್ಯನಿಗೆ ಒಂದು ನೇಮವಿತ್ತು. ಬೆಳಿಗ್ಗೆ ಮೊದಲ ಬಟ್ಟೆ ಎತ್ತುವ ಮುಂಚೆ ಬೊಗಸೆಯಲ್ಲಿ ನೀರು ತೆಗೆದುಕೊಂಡು ಕಣ್ಣಿಗೊತ್ತಿಕೊಂಡು, "ತಾಯಿ, ಊರ ಕೊಳೆ ನಿನ್ನ ಮೈಗೆ ಬಿಡ್ತಾ ಇವ್ನಿ, ತಪ್ಪಾಯ್ತು," ಎನ್ನುತ್ತಿದ್ದ. ದಿನಾ ತಪ್ಪಾಯ್ತು ಎನ್ನುವವನು ನೀರಿನ ಮೇಲೆ ತಪ್ಪು ಹೊರಿಸುವುದುಂಟೇ? ಬಟ್ಟೆಯಲ್ಲಿ ಕಲೆ ಉಳಿದರೆ ಅದು ಕೈಯ ತಪ್ಪು, ಉಬ್ಬೆಯ ತಪ್ಪು, ಒಗೆದವನ ತಪ್ಪು. ನೀರಿನ ತಪ್ಪು ಎಂದು ಮಡಿಕಟ್ಟೆಯಲ್ಲಿ ಯಾರೂ ಬಾಯಿ ಬಿಡುವಂತಿರಲಿಲ್ಲ. ಅದು ಹನ್ನೊಂದು ಮನೆಗಳಿಗೂ ಆಣೆಯಂತಿತ್ತು.

ಅವನ ಇನ್ನೊಂದು ಹೆಮ್ಮೆ ನಡೆಮಡಿ. ಮದುವೆಯಲ್ಲಿ ಹೆಣ್ಣು ಗಂಡು ಮಂಟಪಕ್ಕೆ ನಡೆದು ಹೋಗುವಾಗ ಮಡಿವಾಳ ಅವರ ಕಾಲ ಮುಂದೆ ಬಿಳಿಬಟ್ಟೆ ಹಾಸುತ್ತಾನೆ. ಅವರು ಒಂದನ್ನು ದಾಟುತ್ತಿದ್ದಂತೆ ಹಿಂದಿನದನ್ನು ಎತ್ತಿ ಮುಂದಕ್ಕೆ ಹಾಸುತ್ತಾನೆ. ಚಪ್ಪಲಿ ಮೆಟ್ಟಿ ಅದರ ಮೇಲೆ ಯಾರೂ ಕಾಲಿಡುವುದಿಲ್ಲ. ಊರ ದೇವರು ಹೊರಟರೂ ನಡೆಮಡಿ ಬೇಕು. ಆ ಬಟ್ಟೆಗಳನ್ನು ಮರಿಮಾಚಯ್ಯ ಬೇರೆ ಯಾರ ಕೈಗೂ ಕೊಡದೆ ನನ್ನ ಮೇಲೇ ಒಗೆಯುತ್ತಿದ್ದ. ದೇವರ ಪಾದದ ಕೆಳಗಿನ ಬಟ್ಟೆ ನನ್ನ ಬೆನ್ನಿಂದ ಹೋಗುತ್ತದೆ ಎಂದು ನಾನೂ ಒಳಗೊಳಗೇ ಬೀಗುತ್ತಿದ್ದೆ. ಹೊಸ್ತಿಲಾಗದ ಸಂಕಟ ಅಷ್ಟರಲ್ಲಿ ತೀರಿಹೋಗಿತ್ತು.

ಕಾಲ ಸರಿಯಿತು. ಮರಿಮಾಚಯ್ಯನ ಸೊಂಟ ಹಿಡಿಯಿತು. ಮಗ ಇಸ್ತ್ರಿ ಗಾಡಿ ಮಾಡಿಕೊಂಡು ಹೊಸ ಬಡಾವಣೆಯ ಕಡೆ ಹೋದ. ನಾನು ಸೊಸೆ ಹೊಂಬಾಳಮ್ಮನ ಕೈಗೆ ಬಂದೆ. ಅವಳ ಏಟು ಬೇರೆಯೇ. ಮಾವ ಲಯ ಹಿಡಿದು ಒಗೆಯುತ್ತಿದ್ದರೆ ಇವಳು ಯಾವುದೋ ಹಳೆಯ ಜಗಳ ತೀರಿಸಿಕೊಳ್ಳುವವಳಂತೆ ಬಡಿಯುತ್ತಿದ್ದಳು. ಬಾಯಿ ಮಾತ್ರ ಸುಮ್ಮನಿರುತ್ತಿರಲಿಲ್ಲ. ಯಾವ ಮನೆಯಲ್ಲಿ ಯಾರಿಗೆ ಬಸಿರು, ಯಾರ ಮನೆಯಲ್ಲಿ ಯಾರಿಗೆ ಕಾಯಿಲೆ, ಎಲ್ಲ ಬಟ್ಟೆ ನೋಡಿಯೇ ಹೇಳುತ್ತಿದ್ದಳು. ಬಟ್ಟೆ ಸುಳ್ಳು ಹೇಳುವುದಿಲ್ಲ ಎಂಬುದು ಅವಳ ನಂಬಿಕೆ. ಆ ನಂಬಿಕೆ ಮುಂದೆ ನಮ್ಮನ್ನೆಲ್ಲ ಎಲ್ಲಿಗೆ ಒಯ್ದಿತೆಂದು ನೆನೆದರೆ ಈಗಲೂ ನನಗೆ ಮೈ ಜುಮ್ಮೆನ್ನುತ್ತದೆ.

ಕೆಡುಕು ಒಂದೇ ದಿನ ಬರಲಿಲ್ಲ. ಬಂದಿದ್ದರೆ ನಮಗೂ ಗೊತ್ತಾಗುತ್ತಿತ್ತೇನೋ. ಮೊದಲು ಬಂದದ್ದು ಗಾಳಿಯಲ್ಲಿ. ಬಡಗಣ ದಿಕ್ಕಿಗೆ ಅಕ್ಕಿ ಗಿರಣಿ ಎದ್ದಿತು. ಹೊಟ್ಟು ಸುಟ್ಟ ಬೂದಿ ಕೊಳವೆಯಿಂದ ಹೊರಟು, ಹುಲ್ಲಿನ ಮೇಲೆ ಒಣಹಾಕಿದ ಬಟ್ಟೆಗಳ ಮೇಲೆ ಎಳ್ಳು ಚೆಲ್ಲಿದಂತೆ ಬೀಳುತ್ತಿತ್ತು. ಮಡಿಕಟ್ಟೆಯವರು ಬಟ್ಟೆ ಕೊಡವಿ ಮತ್ತೆ ಒಗೆದರು, ಕೆಮ್ಮಿದರು, ಒಣಹಾಕುವ ಜಾಗ ಬದಲಿಸಿದರು. ಆಮೇಲೆ ಬಂದದ್ದು ಸದ್ದು. ಕೆರೆ ಏರಿಯ ಮೇಲೆ ಬೈಪಾಸ್ ರಸ್ತೆಯಾಯಿತು. ಹನ್ನೊಂದು ಕಲ್ಲಿನ ಏಟು ಒಂದರ ಹಿಂದೊಂದು ಕೇಳಿಸುತ್ತಿದ್ದ ಬೆಳಗುಗಳಲ್ಲಿ ಈಗ ಲಾರಿಗಳ ಹಾರ್ನ್ ಬಿಟ್ಟು ಬೇರೇನೂ ಕೇಳದಾಯಿತು. ಪಕ್ಕದ ಕಲ್ಲಿನವಳೊಡನೆ ಮಾತಾಡಲೂ ಕಿರುಚಬೇಕು. ಮರಿಮಾಚಯ್ಯನ ಕಿವಿ ಮಂದವಾದದ್ದು ವಯಸ್ಸಿನಿಂದಲೋ ರಸ್ತೆಯಿಂದಲೋ, ನನಗೆ ತಿಳಿಯದು. ಮಿಂಚುಳ್ಳಿ ಮಾತ್ರ ಬರುವುದನ್ನು ನಿಲ್ಲಿಸಿತು.

ಮಣ್ಣಿನ ಕಥೆ ಇನ್ನೂ ಬೇಸರದ್ದು. ಚೌಳು ತೆಗೆಯುತ್ತಿದ್ದ ಜಾಗಕ್ಕೆ ಊರಿನ ಕಸ ತಂದು ಸುರಿಯತೊಡಗಿದರು. ಒಮ್ಮೆ ಹೊಂಬಾಳಮ್ಮ ಚೌಳಿಗೆಂದು ಗುದ್ದಲಿ ಹಾಕಿದರೆ ಬಂದದ್ದು ಪ್ಲಾಸ್ಟಿಕ್ ಚೀಲಗಳ ಕಂತೆ, ಅದರ ಕೆಳಗೆ ಇನ್ನೊಂದು ಕಂತೆ. ಮೊಣಕಾಲುದ್ದ ಅಗೆದರೂ ಮಣ್ಣೇ ಸಿಗಲಿಲ್ಲ. ನೆಲದಲ್ಲಿ ನೆಲವೇ ಇಲ್ಲವೆಂದು ನಗುತ್ತ ಬಂದಳು. ಆವತ್ತಿನಿಂದ ಮಡಿಕಟ್ಟೆಗೆ ಚೀಲದ ಪುಡಿಗಳು ಬಂದವು: ಸೋಡಾ, ಬ್ಲೀಚಿಂಗ್ ಪುಡಿ, ನೀಲಿ. ಬಟ್ಟೆ ಬೇಗ ಬೆಳ್ಳಗಾಗುತ್ತಿತ್ತು. ಉಬ್ಬೆಯ ಪಕ್ಕದ ಹೊಂಡದಲ್ಲಿ ಅದ್ದಿ ತೆಗೆದರೆ ಮುಗಿಯಿತು. ಹೊಂಡದ ನೀರು ನನ್ನ ಬಲಮಗ್ಗುಲಿನ ಸಣ್ಣ ಕಾಲುವೆಯಲ್ಲಿ ಹರಿದು ಕೆರೆ ಸೇರುತ್ತಿತ್ತು. ಆ ನೀರು ತಾಗಿದ ಕಡೆ ನನ್ನ ಮೈಮೇಲಿನ ಪಾಚಿ ಸುಟ್ಟು ಹೋಯಿತು. ನಾನೂ ಬೆಳ್ಳಗಾದೆನೆಂದು ಸಂತೋಷಪಟ್ಟೆನೇ ಹೊರತು ಪಾಚಿ ಏಕೆ ಸತ್ತಿತೆಂದು ಯೋಚಿಸಲಿಲ್ಲ.

ಕೊನೆಗೆ ನೀರು. ನನ್ನ ಬುಡದ ಬಸವನಹುಳುಗಳು ಒಂದೊಂದಾಗಿ ಖಾಲಿ ಚಿಪ್ಪಾದವು. ಆಚೆ ದಡದ ಕೊಡಗಳು ಎಂದೋ ನಿಂತಿದ್ದವು. ಕೆರೆಯ ಮೇಲೆ ನೊರೆ ನಿಲ್ಲತೊಡಗಿತು. ಕೆಲವು ದಿನ ನೀರಿಗೆ ವಾಸನೆ, ಕೆಲವು ದಿನ ಒಂದು ಬಗೆಯ ಬಣ್ಣ. ಹೊಂಬಾಳಮ್ಮನ ಬೆರಳ ಗಂಟುಗಳ ಮೇಲೆ ಸಣ್ಣ ಸಣ್ಣ ಹುಣ್ಣಾದವು, ಸೂಜಿಯಲ್ಲಿ ಕೊರೆದಂತೆ ಗುಂಡಗೆ. ಹರಳೆಣ್ಣೆ ಹಚ್ಚಿ ಬಟ್ಟೆ ಸುತ್ತಿ ಮಾವನಿಗೆ ಕಾಣದಂತೆ ಒಗೆಯುತ್ತಿದ್ದಳು. ಅವಳ ಏಟು ಮೆತ್ತಗಾದದ್ದು ನನಗೆ ಮಾತ್ರ ಗೊತ್ತಾಗುತ್ತಿತ್ತು. ಅಷ್ಟು ಜೋರಿನ ಹೆಂಗಸು ನನ್ನನ್ನು ಮುಟ್ಟಲು ಹೆದರುವಂತಾದಾಗ ನನಗೆ ಅಳು ಬಂತು. ಕಲ್ಲಿಗೆ ಅಳು ಬರುತ್ತದೆಯೇ ಎನ್ನಬೇಡಿ. ಮೈಯೆಲ್ಲ ಸದಾ ಒದ್ದೆ ಇದ್ದರೆ ಯಾರಿಗೆ ಗೊತ್ತಾಗುತ್ತದೆ!

ಆ ವರ್ಷ ಊರಿನ ದೊಡ್ಡ ಮನೆಯೊಂದರ ಮದುವೆ. ಮರಿಮಾಚಯ್ಯ ಸೊಂಟ ನೋವಾದರೂ ತಾನೇ ನಡೆಮಡಿ ಒಗೆದು, ತಾನೇ ಹಾಸಲು ಹೋದ. ಹೆಣ್ಣು ಕಾಲಿಡುವ ಹೊತ್ತಿಗೆ ನೋಡಿದರೆ ಬಟ್ಟೆಯ ನಡುವೆ ಅಂಗೈಯಗಲ ಹಳದಿ ಕಲೆ. ಒದ್ದೆಯಿದ್ದಾಗ ಕಾಣದ ಕಲೆ ಒಣಗಿದ ಮೇಲೆ ಎದ್ದಿತ್ತು. ಹೆಣ್ಣಿನ ತಂದೆ ನೂರಾರು ಜನರ ಎದುರು ಬಾಯಿಗೆ ಬಂದಂತೆ ಬೈದರು. ಇವನು ನೀರಿನ ಮಾತೆತ್ತಲಿಲ್ಲ, ನನ್ನ ಕೈ ತಪ್ಪು ಎಂದು ತಲೆಯ ರುಮಾಲು ತೆಗೆದು ನಿಂತನಂತೆ. ಸಂಜೆ ನನ್ನ ಪಕ್ಕ ಬಂದು ಕೂತು ಆ ಬಟ್ಟೆಯನ್ನು ಉಜ್ಜಿ ಉಜ್ಜಿ ಒಗೆದ. ಕಲೆ ಹೋಗಲಿಲ್ಲ. ಮರುದಿನದಿಂದ ಹೊಂಡಕ್ಕೆ ಎರಡರಷ್ಟು ಪುಡಿ ಬಿತ್ತು.

ಇಲ್ಲಿಯೇ ನಮ್ಮವರೆಲ್ಲ ಎಡವಿದರು. ಹನ್ನೊಂದು ಮನೆಯವರ ಬಟ್ಟೆಗೂ ಕಲೆ ಬರುತ್ತಿತ್ತು. ಹನ್ನೊಂದು ಮನೆಯವರೂ ಅದು ತಮ್ಮ ಕೈಯ ದೋಷವೆಂದು ನಾಚಿ, ಒಬ್ಬರಿಗೊಬ್ಬರು ಹೇಳದೆ, ಗುಟ್ಟಾಗಿ ಪುಡಿ ಹೆಚ್ಚಿಸುತ್ತ ಹೋದರು. ಒಂದು ಮಾತು ಯಾರಾದರೂ ಆಡಿದ್ದರೆ ಆವತ್ತೇ ಬಯಲಾಗುತ್ತಿತ್ತು. ಆಣೆಯಂತಿದ್ದ ಆ ಮರ್ಯಾದೆ ಎಲ್ಲರ ಬಾಯಿಗೂ ಬೀಗ ಹಾಕಿತ್ತು.

ಒಂದು ಬೆಳಿಗ್ಗೆ ಕೆರೆಯ ಮೀನೆಲ್ಲ ತೇಲಿತು. ದಡದಿಂದ ದಡದವರೆಗೆ ಬಿಳಿ ಹೊಟ್ಟೆಗಳು. ಇಷ್ಟೊಂದು ಮೀನು ಈ ಕೆರೆಯೊಳಗೆ ಬದುಕಿದ್ದವು ಎಂಬುದೇ ನನಗೆ ತಿಳಿದಿರಲಿಲ್ಲ, ಸತ್ತ ಮೇಲೆ ತಿಳಿಯಿತು. ಆ ನೋಟದ ಮುಂದೆ ಲಾರಿಗಳೂ ಕ್ಷಣ ನಿಂತವು. ಎರಡು ದಿನಕ್ಕೆ ಪುರಸಭೆಯಿಂದ ನೋಟೀಸು ಬಂತು. ದೋಬಿಘಾಟಿನ ಸೋಪು ಮತ್ತು ರಾಸಾಯನಿಕಗಳಿಂದ ಕೆರೆ ಕೆಟ್ಟಿದೆ, ಪರಿಸರ ಅಧಿಕಾರಿಗಳು ಮುಂದಿನ ಗುರುವಾರ ಬಂದು ಪರಿಶೀಲಿಸುತ್ತಾರೆ, ಆನಂತರ ಕಲ್ಲುಗಳನ್ನು ಕಿತ್ತು ಘಾಟನ್ನು ಮುಚ್ಚಲಾಗುವುದು ಎಂದು ಅದರಲ್ಲಿ ಬರೆದಿತ್ತಂತೆ. ಮಡಿಕಟ್ಟೆ ಎಂಬ ಹೆಸರೂ ಅದರಲ್ಲಿರಲಿಲ್ಲ. ಹನ್ನೊಂದು ಮನೆಯವರು ನಮ್ಮ ಸುತ್ತ ಕೂತರು. ಕಲ್ಲು ಕಿತ್ತರೆ ಬಟ್ಟೆಯಿಲ್ಲ, ಬಟ್ಟೆಯಿಲ್ಲದೆ ಅಡುಗೆಯಿಲ್ಲ. ಹೆಂಗಸರ ಕೈಗಳು ಒಂದೊಂದಾಗಿ ಸೆರಗಿನಿಂದ ಹೊರಬಂದವು. ಎಲ್ಲರ ಬೆರಳ ಗಂಟುಗಳ ಮೇಲೂ ಅದೇ ಗುಂಡನೆಯ ಹುಣ್ಣು. ಹೊಂಬಾಳಮ್ಮ ಆ ಕೈಗಳನ್ನು ಒಂದೊಂದಾಗಿ ಹಿಡಿದು ನೋಡಿ, ಇದು ನಮ್ಮ ಕೈಯ ತಪ್ಪಲ್ಲ, ನೀರಲ್ಲಿ ಏನೋ ಇದೆ ಎಂದಳು.

ಮರಿಮಾಚಯ್ಯ ಕೋಲು ಊರಿ ಎದ್ದ. "ನೀರ್ನ ದೂರ್‌ಬ್ಯಾಡ ಹೊಂಬಾಳು. ನಮ್ಮ ವಂಶದಲ್ಲಿ ಯಾರೂ ದೂರಿಲ್ಲ."

"ದೂರ್ತಾ ಇಲ್ಲ ಮಾವ," ಎಂದಳು ಅವಳು. "ಅದುಕ್ಕೆ ಬಾಯಿಲ್ಲ. ಬಟ್ಟೆ ಕೊಟ್ಟು ಕೇಳ್ತೀನಿ."

ಕಲೆ ಹತ್ತಿದ ಆ ಹಳೆಯ ನಡೆಮಡಿಯನ್ನು ಅವಳು ಜೋಪಾನವಾಗಿ ಇಟ್ಟುಕೊಂಡಿದ್ದಳು. ಅದರ ಜೊತೆಯ ಕಲೆಯಿಲ್ಲದ ಬಟ್ಟೆಯನ್ನು ನಾಲ್ಕು ತುಂಡು ಮಾಡಿ, ಮೂಲೆಗಳಲ್ಲಿ ಗೇರಿನ ಗುರುತಿಟ್ಟಳು. ಒಂದು ಹಳ್ಳಕ್ಕೆ ಒಂದು ಚುಕ್ಕಿ, ಎರಡನೆಯದಕ್ಕೆ ಎರಡು, ಹೀಗೆ ನಾಲ್ಕರವರೆಗೆ. ನಾಲ್ಕು ಹಳ್ಳಗಳು ಕೆರೆಗೆ ಸೇರುವ ಬಾಯಿಯಲ್ಲಿ ಗೂಟ ಹೊಡೆದು ಆ ಬಟ್ಟೆಗಳನ್ನು ನೀರಿಗೆ ಅಡ್ಡ ಕಟ್ಟಿ ಬಂದಳು. ಐದು ದಿನ ಅಲ್ಲೇ ಬಿಟ್ಟಳು. ಮುನ್ನೂರು ಮನೆಯ ಬಟ್ಟೆ ನೋಡಿ ಮುನ್ನೂರು ಮನೆಯ ಸುದ್ದಿ ಹೇಳುತ್ತಿದ್ದವಳು ಈಗ ಕೆರೆಯ ಸುದ್ದಿ ಓದಲು ಹೊರಟಿದ್ದಳು. ಹತ್ತಿರದ ಹಳ್ಳದ ಬಟ್ಟೆ ನನಗೆ ಕಾಣುತ್ತಿತ್ತು. ದಿನದಿಂದ ದಿನಕ್ಕೆ ಅದು ಕಪ್ಪಾಗುವುದನ್ನು ನೋಡುತ್ತ ನಾನು ಕೂತೆ, ಹಿಂದೊಮ್ಮೆ ತಿಮ್ಮಾಭೋವಿ ಬೆಣೆ ಊದುವುದನ್ನು ಕಾಯುತ್ತ ಕೂತ ಹಾಗೆ.

ಆರನೆಯ ದಿನ ನಾಲ್ಕನ್ನೂ ಬಿಚ್ಚಿ ತಂದು ಒಂದೊಂದಾಗಿ ನನ್ನ ಬೆನ್ನ ಮೇಲೆ ಹರಡಿದಳು. ಒಂದು ಚುಕ್ಕಿಯದು ಗಿರಣಿ ಕಡೆಯ ಹಳ್ಳದ್ದು, ಬೂದಿ ಕೂತು ಉಪ್ಪುಕಾಗದದಂತೆ ತರಿತರಿಯಾಗಿತ್ತು. ಎರಡು ಚುಕ್ಕಿಯದು ಲಾರಿ ಗ್ಯಾರೇಜುಗಳ ಸಾಲಿನದು, ಎಣ್ಣೆ ಹಿಡಿದು ಕಪ್ಪಾಗಿ ಬಿಸಿಲಿಗೆ ನವಿಲಿನ ಕತ್ತಿನ ಬಣ್ಣ ಹೊಡೆಯುತ್ತಿತ್ತು, ನೀರು ಹಾಕಿದರೆ ಹನಿ ಅಂಟದೆ ಜಾರುತ್ತಿತ್ತು. ಮೂರು ಚುಕ್ಕಿಯದು ಊರಿನ ಚರಂಡಿಯದು, ಅದರ ಲೋಳೆ ಮತ್ತು ನಾತದ ಬಗ್ಗೆ ನಾನು ಹೇಳುವುದಿಲ್ಲ, ಊಟ ಮಾಡಿ ಬಂದಿರುತ್ತೀರಿ. ನಾಲ್ಕು ಚುಕ್ಕಿಯದನ್ನು ಬಿಡಿಸಿದಾಗ ಮಾತ್ರ ಸುತ್ತ ನಿಂತವರೆಲ್ಲ ಬಗ್ಗಿ ನೋಡಿದರು. ಅದು ಹಳದಿ. ಮದುವಣಗಿತ್ತಿಯ ಸೀರೆಗೆ ಹಚ್ಚಿದ ಅರಿಶಿನದಂಥ ಚೆಂದದ ಹಳದಿ. ಹೊಂಬಾಳಮ್ಮ ಹಳೆಯ ನಡೆಮಡಿಯ ಕಲೆಯನ್ನು ಅದರ ಪಕ್ಕ ಇಟ್ಟಳು. ಎರಡೂ ಒಂದೇ.

ಅವಳು ಆ ಹಳ್ಳದ ಗುಂಟ ಹತ್ತಿ ಹೋದಳು. ಮಧ್ಯಾಹ್ನಕ್ಕೆ ತಿರುಗಿ ಬಂದು, ನಲ್ಲಿಗಳಿಗೆ ಹೊಳಪಿನ ಲೇಪ ಕೊಡುವ ಕಾರ್ಖಾನೆಯ ಹಿಂದೆ, ಚಪ್ಪಡಿಗಳ ಅಡಿಯಲ್ಲಿ ಒಂದು ಕೊಳವೆ ಇದೆ, ಅದರಿಂದ ಹಳದಿ ನೀರು ಬೀಳುತ್ತಿದೆ ಎಂದಳು. ನಾನು ಬೆಕ್ಕಸಬೆರಗಾದೆ. ಎಲ್ಲಿಯ ಕಾರ್ಖಾನೆ, ಎಲ್ಲಿಯ ಮದುವೆ ಮನೆ! ಯಾರೋ ಒಬ್ಬ, ಯಾರಿಗೂ ಕೇಡು ಬಯಸದೆಯೇ ಇರಬಹುದು, ಒಂದು ಬಾಗಿಲ ಹಿಂದೆ ಒಂದು ಮಗೆ ನೀರು ಚೆಲ್ಲುತ್ತಾನೆ. ಅದು ಎರಡು ಮೈಲಿ ನಡೆದು ಬಸವನಹುಳುವಿನ ಚಿಪ್ಪಿನೊಳಗೆ, ಒಬ್ಬ ಹೆಂಗಸಿನ ಬೆರಳಿನೊಳಗೆ, ಒಬ್ಬ ಮುದುಕನ ಮರ್ಯಾದೆಯೊಳಗೆ ಹೊಕ್ಕು ಕೂರುತ್ತದೆ. ನೀರು ಏನನ್ನೂ ಮರೆಯುವುದಿಲ್ಲ. ಬಂಡೆ ಸೀಳಿದ ಆ ಚೊಂಬು ನೀರಿನ ಶಕ್ತಿ ಎಂಥದ್ದೆಂದು ನನಗೆ ಅಂದು ಪೂರ್ತಿ ಅರ್ಥವಾಯಿತು.

ಮರಿಮಾಚಯ್ಯ ಆ ಹಳದಿ ಬಟ್ಟೆಯ ಮೇಲೆ ಕೈಯಾಡಿಸಿದ. ತನ್ನ ಕೈಯದು ತಪ್ಪಲ್ಲ ಎಂದು ತಿಳಿದರೂ ಅವನ ಮುಖದಲ್ಲಿ ಗೆಲುವು ಕಾಣಲಿಲ್ಲ. ಎಲ್ಲರೂ ಹೋದ ಮೇಲೆ ತನ್ನ ರುಮಾಲನ್ನು ಬಿಚ್ಚಿದ. ಕರಿಗೇರು ಕಾಯಿ ತೆಗೆದು ಅದರ ಮೂಲೆಗೆ ಐದು ಚುಕ್ಕಿ ಇಟ್ಟ. ಆಮೇಲೆ ಅದನ್ನು ತಂದು ನನ್ನ ಬಲಮಗ್ಗುಲಿನ ಕಾಲುವೆಗೆ, ನಮ್ಮ ಹೊಂಡದ ನೀರು ಹರಿಯುವಲ್ಲಿಗೆ, ಕಲ್ಲು ಹೇರಿ ಇಳಿಬಿಟ್ಟ. ಯಾಕೆಂದು ನನಗೆ ಹೊಳೆಯಲಿಲ್ಲ. ಗುರುವಾರದವರೆಗೂ ಅದು ಅಲ್ಲೇ ಇತ್ತು.

ಗುರುವಾರ ಹತ್ತು ಗಂಟೆಗೆ ಏರಿಯ ಮೇಲೆ ಜೀಪು ನಿಂತಿತು. ಪರಿಸರ ಅಧಿಕಾರಿ ವಿನುತಾ ಎಂಬ ನಡುವಯಸ್ಸಿನ ಹೆಣ್ಣುಮಗಳು ಇಳಿದರು. ಜೊತೆಗೆ ಪುರಸಭೆಯ ಇಂಜಿನಿಯರು. ನೊರೆಯ ವಿಷಯ ತಾನೂ ಒಂದು ಮಾತು ಹೇಳಬೇಕೆಂದು ನಲ್ಲಿ ಕಾರ್ಖಾನೆಯ ಮ್ಯಾನೇಜರು ಕೂಡ ಬಂದಿದ್ದ. ಏರಿಯಿಂದ ನೀರಿನವರೆಗೆ ಇಳಿಯಲು ಇರುವುದು ಒಂದೇ ಕಾಲುದಾರಿ. ಅವರು ಇಳಿಯುವ ಮೊದಲೇ ಹೊಂಬಾಳಮ್ಮ ಆ ದಾರಿಗೆ ನಾಲ್ಕು ಬಟ್ಟೆಗಳನ್ನೂ ಸಾಲಾಗಿ ಹಾಸಿ, ಪಕ್ಕದಲ್ಲಿ ಸೆರಗು ಸೊಂಟಕ್ಕೆ ಸಿಕ್ಕಿಸಿ ನಿಂತಳು.

"ನಡೆಮಡಿ ಹಾಸಿವ್ನಿ. ಬನ್ನಿ ಅಮ್ಮಾರೆ," ಎಂದಳು.

ಇಂಜಿನಿಯರು ಇದೆಲ್ಲ ನಾಟಕ ಎಂದು ಗೊಣಗುತ್ತ ಪೊದೆಯ ಕಡೆಯಿಂದ ಬಳಸಿ ಇಳಿಯಲು ನೋಡಿದ. ವಿನುತಾ ಚಪ್ಪಲಿ ಬಿಟ್ಟರು. ಆ ಒಂದು ಕೆಲಸಕ್ಕೆ ಹನ್ನೊಂದು ಮನೆಯವರ ಮುಖವೂ ಬದಲಾಯಿತು. ಆದರೆ ವಿನುತಾ ಬಟ್ಟೆಯ ಮೇಲೆ ಕಾಲಿಡಲಿಲ್ಲ. ಅಂಚಿನಲ್ಲಿ ಕುಕ್ಕರಗಾಲಲ್ಲಿ ಕೂತು, ಮೂಲೆಯ ಚುಕ್ಕಿಗಳೇನೆಂದು ಕೇಳಿದರು. ಹೊಂಬಾಳಮ್ಮ ಒಂದೊಂದೇ ಓದಿ ಹೇಳಿದಳು. ಗಿರಣಿ, ಗ್ಯಾರೇಜು, ಚರಂಡಿ. ನಾಲ್ಕನೆಯದರ ಹತ್ತಿರ ಬಂದಾಗ ಹಳೆಯ ನಡೆಮಡಿಯನ್ನು ಪಕ್ಕದಲ್ಲಿ ಹಾಸಿ, ಕೈಗೆ ಸುತ್ತಿದ ಬಟ್ಟೆ ಬಿಚ್ಚಿ ತನ್ನ ಬೆರಳುಗಳನ್ನೂ ಅದರ ಮೇಲಿಟ್ಟಳು. ಕೊಳವೆ ಎಲ್ಲಿದೆ ಎಂಬುದನ್ನೂ ಹೇಳಿದಳು. ವಿನುತಾ ತಲೆಯೆತ್ತಿ ಮ್ಯಾನೇಜರನ್ನು ನೋಡಿದರು.

ಅವನು ತಡವರಿಸಲಿಲ್ಲ. "ಅದನ್ನ ಆಮೇಲೆ ನೋಡೋಣ ಮೇಡಂ. ಈ ನೊರೆ ಯಾರದು? ಇವರ ಹೊಂಡದ ನೀರು ಎಲ್ಲಿಗೆ ಹೋಗುತ್ತೆ ಅಂತ ಕೇಳಿ," ಎಂದ.

ಅಷ್ಟೆಲ್ಲ ಓದಿದ ಹೊಂಬಾಳಮ್ಮ ಐದನೆಯ ನೀರನ್ನು ಓದಿರಲಿಲ್ಲ. ಅವಳು ನನ್ನ ಕಡೆ, ನನ್ನ ಮಗ್ಗುಲಿನ ಕಾಲುವೆಯ ಕಡೆ ನೋಡಿದಳು. ಹನ್ನೊಂದು ಮನೆಯವರೂ ತಲೆ ತಗ್ಗಿಸಿದರು. ಒಂದು ಸುಳ್ಳು ಹೇಳಿದ್ದರೆ ನಾಲ್ಕು ಬಟ್ಟೆಯ ಸತ್ಯವೂ ಅಲ್ಲಿಗೆ ಮುಳುಗುತ್ತಿತ್ತು. ಆಗ ಮರಿಮಾಚಯ್ಯ ಬರಿದಲೆಯಲ್ಲಿ ನೀರಿಗಿಳಿದ. ತನ್ನ ರುಮಾಲನ್ನು ಎತ್ತಿ, ಹಿಂಡದೆ ಎರಡೂ ಅಂಗೈಗಳ ಮೇಲೆ ಹೊತ್ತು ತಂದು, ನಾಲ್ಕರ ಮುಂದೆ ತಾನೇ ಬಗ್ಗಿ ಹಾಸಿದ. ಅದು ಕಣ್ಣು ಕುಕ್ಕುವಷ್ಟು ಬೆಳ್ಳಗಿತ್ತು. ಅಂಥ ಬಿಳುಪನ್ನು ನನ್ನ ಬೆನ್ನ ಮೇಲೂ ನಾನು ಕಂಡಿರಲಿಲ್ಲ. ಇದು ಚೆನ್ನಾಗಿಯೇ ಇದೆಯಲ್ಲ ಎಂದ ಇಂಜಿನಿಯರು.

ಮರಿಮಾಚಯ್ಯ ಒಂದು ಬೆರಳನ್ನು ಬಟ್ಟೆಯ ನಡುವೆ ಮೆಲ್ಲಗೆ ಇಟ್ಟ. ಒತ್ತಲೂ ಇಲ್ಲ. ನೆನೆದ ಹಪ್ಪಳದಂತೆ ಬಟ್ಟೆ ಬಿಟ್ಟುಕೊಂಡು ಬೆರಳು ನೆಲ ಮುಟ್ಟಿತು. ಇನ್ನೊಂದು ಕಡೆ ಇಟ್ಟ, ಅಲ್ಲೂ ಹಾಗೆಯೇ. ಮೂಲೆಯ ಐದು ಚುಕ್ಕಿ ಮಾತ್ರ ಕರ್ರಗೆ ಉಳಿದಿದ್ದವು.

"ಇದು ನಮ್ಮ ಹೊಂಡದ್ದು ತಾಯಿ," ಎಂದ. "ಮಣ್ಣಲ್ಲಿ ಒಗೆಯೋವಾಗ ದಿನಾ ತಪ್ಪಾಯ್ತು ಅಂತಿದ್ದೆ. ಪುಡಿ ಬಂದ ಮ್ಯಾಲೂ ಅದುನ್ನೇ ಅಂದೆ, ಪುಡಿ ನೀರು ಬಿಡ್ತಾನೇ ಇದ್ದೆ. ಮೀನು ಸತ್ತುದ್ರಲ್ಲಿ ನಂದೂ ಪಾಲೈತೆ. ನಂದು ಬರ್ಕೊಳಿ. ಆಮ್ಯಾಕೆ ಅವರದೂ ಬರ್ಕೊಳಿ."

ಏರಿಯ ಮೇಲೆ ಲಾರಿಗಳು ಓಡುತ್ತಲೇ ಇದ್ದವು, ಆದರೂ ನನಗೆ ಏನೂ ಕೇಳಿಸಲಿಲ್ಲ. ಮ್ಯಾನೇಜರು ತನ್ನ ಬೂಟುಗಳನ್ನು ನೋಡಿಕೊಳ್ಳುತ್ತಿದ್ದ. ನನ್ನ ಜೀವಮಾನದಲ್ಲಿ ನಾನು ಎಷ್ಟೋ ನಡೆಮಡಿಗಳನ್ನು ಬೆನ್ನ ಮೇಲೆ ಹೊತ್ತಿದ್ದೇನೆ, ದೇವರ ಪಾದಕ್ಕೆ ಹೋದವನ್ನೂ. ಆ ಹರಿದ ಬಟ್ಟೆಯಷ್ಟು ಮಡಿಯಾದದ್ದನ್ನು ಕಾಣಲಿಲ್ಲ. ವಿನುತಾ ಐದನ್ನೂ ತಾವೇ ಮಡಿಸಿ ಬೇರೆ ಬೇರೆ ಚೀಲಕ್ಕೆ ಹಾಕಿಕೊಂಡರು, ಐದು ಕಡೆಯ ನೀರನ್ನು ಬಾಟಲಿಗೆ ತುಂಬಿಸಿಕೊಂಡರು. ಮಹಜರು ಬರೆಯುವಾಗ ಮೊದಲ ಸಾಲು ದೋಬಿಘಾಟ್ ಎಂದಿದ್ದುದನ್ನು ಹೊಡೆದು ಮಡಿಕಟ್ಟೆ ಎಂದು ಬರೆಸಿದರಂತೆ.

ಆಮೇಲೆ ಎಲ್ಲ ಒಂದೇ ದಿನಕ್ಕೆ ಸರಿಹೋಯಿತೆಂದು ಹೇಳಿದರೆ ನೀವು ನಂಬುವುದಿಲ್ಲ, ನಂಬಲೂ ಬಾರದು. ಕೊಳವೆಗೆ ಸಿಮೆಂಟು ಬಿತ್ತು, ಕಾರ್ಖಾನೆ ಕೆಲವು ಕಾಲ ಬೀಗ ಹಾಕಿಕೊಂಡು ನೀರು ಶುದ್ಧ ಮಾಡುವ ಯಂತ್ರ ಇಟ್ಟುಕೊಂಡಿತು. ಗ್ಯಾರೇಜಿನವರು ಎಣ್ಣೆ ನಿಲ್ಲುವ ಗುಂಡಿ ತೋಡಿದರು. ಗಿರಣಿಯ ಬೂದಿ ಕಡಿಮೆಯಾಗಿದೆ, ನಿಂತಿಲ್ಲ. ಚರಂಡಿಯದು ಮಾತ್ರ ಇನ್ನೂ ಫೈಲಿನಲ್ಲಿಯೇ ಹರಿಯುತ್ತಿದೆ. ಹನ್ನೊಂದು ಮನೆಗಳಿಗೆ ಕೆರೆಯಿಂದ ಆಚೆ ತೊಟ್ಟಿಗಳನ್ನು ಕಟ್ಟಿಕೊಟ್ಟರು, ಅದರ ಕೊಳೆನೀರು ಗುಂಡಿಯಲ್ಲಿ ಇಂಗಿ ಸೋಸಿಯೇ ಮುಂದೆ ಹೋಗಬೇಕು. ಬ್ಲೀಚಿಂಗ್ ಪುಡಿಯನ್ನು ತಾವಾಗಿಯೇ ಬಿಟ್ಟರು. ಬಟ್ಟೆ ಮೊದಲಿನಷ್ಟು ಬೆಳ್ಳಗಿಲ್ಲ ಎಂದು ಬಡಾವಣೆಯವರು ಮೂಗು ಮುರಿದರೆ ಹೊಂಬಾಳಮ್ಮ ಜಗಳಕ್ಕೇ ನಿಲ್ಲುತ್ತಾಳೆ. ಅವಳ ಬೆರಳಿನ ಹುಣ್ಣು ವಾಸಿಯಾಗಿ ಗುಂಡನೆಯ ಗುರುತು ಉಳಿದಿದೆ.

ಕಲ್ಲುಗಳನ್ನು ಕೆರೆಯಿಂದ ಎತ್ತಿ ತೊಟ್ಟಿಗೆ ಸಾಗಿಸುವಾಗ ನಾನು ಜಾರಿ ಬಿದ್ದು ನಡುವಿಗೆ ಬಿರುಕು ಬಿಟ್ಟೆ. ಎರಡನೇ ಸಲ ಬೇಡವಾದೆ. ಏರಿಯ ಕೆಳಗೆ ಹೊಂಗೆಮರದ ಬುಡದಲ್ಲಿ ಮಲಗಿದ್ದೇನೆ. ಇಲ್ಲಿಂದ ಕೆರೆ ಪೂರ್ತಿ ಕಾಣುತ್ತದೆ, ಅಷ್ಟು ವರ್ಷ ಅದರೊಳಗಿದ್ದರೂ ಅದು ಇಷ್ಟು ದೊಡ್ಡದೆಂದು ಗೊತ್ತಿರಲಿಲ್ಲ. ಮರಿಮಾಚಯ್ಯ ತನ್ನ ಕೊನೆಯ ಎರಡು ವರ್ಷ ದಿನಾ ಬಂದು ನನ್ನ ಮೇಲೆ ಕೂರುತ್ತಿದ್ದ. ತಿಂಗಳಿಗೊಮ್ಮೆ ಹೊಂಬಾಳಮ್ಮ ನಾಲ್ಕನೇ ಹಳ್ಳದ ಬಾಯಿಗೆ ಒಂದು ಬಿಳಿಬಟ್ಟೆ ಕಟ್ಟಿ, ಐದು ದಿನ ಬಿಟ್ಟು ತಂದು ನನ್ನ ಬೆನ್ನ ಮೇಲೆ ಒಣಹಾಕುತ್ತಾಳೆ. ಕಣ್ಣು ಮಂಜಾಗಿದ್ದ ಅವನು ಪ್ರತಿಸಲ, "ಏನಂತೆ?" ಎಂದು ಕೇಳುತ್ತಿದ್ದ. ಅವಳು, "ಏನಿಲ್ಲ ಮಾವ, ಬೆಳ್ಳಗೈತೆ," ಎನ್ನುತ್ತಿದ್ದಳು. ಅವನು ಹೋದ ಮೇಲೂ ಅವಳು ಆ ಕೆಲಸ ಬಿಡಲಿಲ್ಲ. ಬಟ್ಟೆ ಒಣಗುವ ತನಕ ನನ್ನ ಪಕ್ಕ ಕೂತು ಊರಿನ ಸುದ್ದಿಯೆಲ್ಲ ಹೇಳುತ್ತಾಳೆ.

ಹೋದ ವಾರ ಒಣಗಿದ ಬಟ್ಟೆಯನ್ನು ಎತ್ತಿದವಳು ಮಾತು ನಿಲ್ಲಿಸಿದಳು. ಬಿಸಿಲಿಗೆ ಹಿಡಿದು ನೋಡಿದಳು. ಅಂಚಿನಲ್ಲಿ ಉಗುರಿನಷ್ಟು ಹಳದಿ. ಒಂದು ಚಿಟಿಕೆ ಪುಡಿ ಹಾಕಿದ್ದರೆ ಹೋಗುವಂಥದ್ದು. ಅವಳು ಕೆರೆಗಿಳಿದು ಬೊಗಸೆ ನೀರು ಎತ್ತಿ ಕಣ್ಣಿಗೊತ್ತಿಕೊಂಡಳು. ಮೇಲೆ ಬಂದು, ಯಾರೂ ಕೂತಿರದ ನನ್ನ ಬೆನ್ನಿನ ಕಡೆ ತಿರುಗಿ, "ಮತ್ತೆ ಬಂದೈತೆ ಮಾವ," ಎಂದಳು. ಆ ಬಟ್ಟೆಯನ್ನು ಒಗೆಯಲಿಲ್ಲ. ನಾಲ್ಕು ಮಡಿಕೆ ಮಾಡಿ ಎದೆಗೆ ಅವಚಿಕೊಂಡು, ಅಧಿಕಾರಿಗಳ ಕಚೇರಿಯ ಕಡೆ ಹೋಗುವ ಏರಿಯನ್ನು ಹತ್ತಿ ನಡೆದಳು. ಅವಳ ಕೈಯಿಂದ ತೊಟ್ಟಿಕ್ಕಿದ ನೀರು ನನ್ನ ಮೇಲೆ ಇನ್ನೂ ಆರಿರಲಿಲ್ಲ.